ನನ್ನ ಒಂಬತ್ತು ಜೊತೆ ಪಾದಗಳು

ಕಪಾಟಿನಲ್ಲಿ ನನ್ನ ಪಾದಗಳು ಇರಲಿಲ್ಲ.

ಹದಿನೆಂಟು ವರ್ಷಗಳಿಂದ ಅವು ಅಲ್ಲೇ ಇದ್ದವು. ನಮ್ಮ ಹೂಸುಮ್ ಊರಿನ ಬಂದರಿನ ಹಿಂದಿನ ಬೀದಿಯಲ್ಲಿ ಬಾಂಡಿಕ್ಸ್‌ನ ಅಂಗಡಿ. ಕಾಲು ಸೊಟ್ಟಗಾದವರಿಗೆ, ಕೀಲು ಹಿಡಿದವರಿಗೆ ಅಳತೆ ತೆಗೆದು ಶೂ ಹೊಲಿಯುವುದು ಅವನ ಕಸುಬು. ಪ್ರತಿ ಗಿರಾಕಿಯ ಪಾದವನ್ನೂ ಮರದಲ್ಲಿ ಕೆತ್ತಿ, ಕಪಾಟಿನಲ್ಲಿ ಅವರವರ ಹೆಸರಿನ ಚೀಟಿ ಅಂಟಿಸಿದ ಜಾಗದಲ್ಲಿಡುತ್ತಾನೆ. ಆ ಅಚ್ಚಿನ ಮೇಲೆಯೇ ಶೂ ತಯಾರಾಗುವುದು. ಗಿರಾಕಿ ತೀರಿಕೊಂಡರೆ, ಇಲ್ಲವೇ ಆಪರೇಷನ್ ಆಗಿ ಪಾದವೇ ಬದಲಾದರೆ, ಅಚ್ಚು ಒಲೆಗೆ ಹೋಗುತ್ತದೆ. ಅದು ಕಸುಬಿನ ರೂಢಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಮಾಡಿಕೊಂಡೆ. 'ಇಂಕೆನ್ ಫೆಡ್ಡರ್ಸನ್' ಎಂಬ ನನ್ನ ಹೆಸರಿನ ಚೀಟಿಯ ಮೇಲೆ ಬರೀ ಖಾಲಿ ಜಾಗ. ಮೂಲೆಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು.

"ಏನಷ್ಟು ಅವಸರ ನಿಮಗೆ? ಆಪರೇಷನ್ ಇರೋದು ನಾಳಿದ್ದು. ಅಷ್ಟರಲ್ಲೇ ನನ್ನ ಕಾಲು ಸುಟ್ಟುಬಿಟ್ರಾ?"

ಬೇಕರಿಯ ಕೌಂಟರಿನಲ್ಲಿ ಇಡೀ ದಿನ ನಿಂತು, ಊರವರ ಗೊಣಗಾಟವನ್ನೆಲ್ಲ ನಗುತ್ತಾ ಕೇಳುವವಳು ನಾನು. ಇಪ್ಪತ್ತೊಂಬತ್ತನೇ ವಯಸ್ಸಿಗೆ ಸಂಧಿವಾತ ಅಮರಿಕೊಂಡು, ಕಾಲ್ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಾಗಲೂ ಯಾರೆದುರೂ ಅತ್ತವಳಲ್ಲ. ಈಗ ಎರಡು ಮರದ ತುಂಡಿಗಾಗಿ ಕಣ್ಣು ತುಂಬಿಕೊಂಡಿತ್ತು. ನನಗೇ ನಾಚಿಕೆಯಾಯಿತು.

ಬಾಂಡಿಕ್ಸ್ ಏಪ್ರನ್ನಿಗೆ ಕೈ ಒರೆಸಿಕೊಂಡ. ಐವತ್ತು ದಾಟಿದ ಒಂಟಿ ಗಂಡಸು, ಮಾತಿನಲ್ಲಿ ಮಹಾ ಜಿಪುಣ. ನಾನು ತಂದುಕೊಡುವ ದಾಲ್ಚಿನ್ನಿ ಬನ್ನಿಗೂ ಬರೀ ತಲೆಯಾಡಿಸುತ್ತಿದ್ದ.

"ಫೆಡ್ಡರ್ಸನ್ ಮೇಡಂ, ಸ್ವಲ್ಪ ಒಳಗೆ ಬನ್ನಿ" ಎಂದ.

ಒಳಕೋಣೆಗೆ ನಾನು ಯಾವತ್ತೂ ಹೋದವಳಲ್ಲ. ಇಳಿತದ ಹೊತ್ತು, ಕಿಟಕಿಯಾಚೆ ಸಮುದ್ರ ಹಿಂದೆ ಸರಿದಿತ್ತು, ಕಣ್ಣು ಹಾಯುವಷ್ಟು ದೂರ ಹೊಳೆಯುವ ಕೆಸರು. ಕಿಟಕಿಯ ಕೆಳಗಿನ ಉದ್ದನೆಯ ಹಲಗೆಯ ಮೇಲೆ ಮರದ ಪಾದಗಳು ಸಾಲಾಗಿ ನಿಂತಿದ್ದವು. ಒಂದು ಜೊತೆಯಲ್ಲ, ಒಂಬತ್ತು.

ಎಲ್ಲರಿಗೂ ಅಚ್ಚು ಒಂದೇ ಜೊತೆ. ಪಾದ ಸೊಟ್ಟಗಾಗುತ್ತಾ ಹೋದಂತೆ ಹಳೆಯ ಅಚ್ಚಿನ ಮೇಲೆಯೇ ತೊಗಲಿನ ಚೂರು ಅಂಟಿಸಿ ಉಬ್ಬಿಸುತ್ತಾರೆ. ನನಗೆ ಮಾತ್ರ ಅವನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಕೆತ್ತಿದ್ದ. ಹಾಗೆ ಅಂಟಿಸಿದರೆ ಹಳೆಯ ಪಾದ ಮುಚ್ಚಿಹೋಗುತ್ತದೆ, ಅದಕ್ಕೆ ಮನಸ್ಸು ಬರಲಿಲ್ಲ ಎಂದು ನೆಲ ನೋಡುತ್ತಾ ಹೇಳಿದ.

ನಾನು ಹಲಗೆಯ ಉದ್ದಕ್ಕೂ ಮೆಲ್ಲಗೆ ನಡೆದೆ. ಮೊದಲನೆಯ ಜೊತೆಯಲ್ಲಿ ಬೆರಳುಗಳು ಇನ್ನೂ ನೆಟ್ಟಗಿದ್ದವು, ಕಿರುಬೆರಳು ಮಾತ್ರ ಮುನಿಸಿಕೊಂಡಿತ್ತು. ನಾಲ್ಕನೆಯದು ಅಮ್ಮ ತೀರಿಕೊಂಡ ವರ್ಷದ್ದು. ಒಂಬತ್ತನೆಯದು ಈಗಿನದು, ಕಪಾಟಿನಿಂದ ಕಾಣೆಯಾಗಿದ್ದದ್ದು. ಬೇಸಿಗೆಯಲ್ಲೂ ನಾನು ಸಾಕ್ಸ್ ಹಾಕಿ ಬಚ್ಚಿಟ್ಟ ಪಾದಗಳನ್ನು ಅವನು ಉಜ್ಜಿ, ಎಣ್ಣೆ ಹಚ್ಚಿ, ಬೆಳಕಿಗೆ ಇಟ್ಟಿದ್ದ. ಒಂದೂ ವಿಕಾರವಾಗಿ ಕಾಣಲಿಲ್ಲ. ನನ್ನ ಆಯಸ್ಸನ್ನೇ ಯಾರೋ ಇಷ್ಟು ಜೋಪಾನವಾಗಿ ಕಾಯ್ದಿಟ್ಟಿದ್ದರು.

ಅಲ್ಲಲ್ಲಿ ಪೆನ್ಸಿಲಿನ ಪುಟ್ಟ ಗುರುತುಗಳಿದ್ದವು. ಬೆರಳಿಟ್ಟು ನೋಡಿದೆ. ಸರಿಯಾಗಿ ನನಗೆ ನೋವಿರುವ ಜಾಗಗಳು.

"ಇಲ್ಲಿ ನೋವು ಅಂತ ನಾನು ಯಾವತ್ತೂ ಹೇಳಿಲ್ವಲ್ಲ."

"ನೀವೆಲ್ಲಿ ಹೇಳ್ತೀರಿ? ಕೇಳಿದಾಗೆಲ್ಲ 'ಏನಿಲ್ಲ, ಚೆನ್ನಾಗಿದೆ' ಅಂತೀರಿ. ಎಡಗಡೆ ಹುಬ್ಬು ಹೇಳುತ್ತೆ. ನೋವಿರೋ ಕಡೆ ಒತ್ತಿದ್ರೆ ಒಂಚೂರು ಮೇಲೆ ಹೋಗುತ್ತೆ."

ಅವನು ಕಾಲ ಬಳಿ ಬಗ್ಗಿ ಕೂತಿರುವಾಗ ನಾನು ಅವನ ನೆತ್ತಿಯನ್ನೇ ನೋಡುತ್ತಿದ್ದೆ. ಆ ಎರಡು ಸುಳಿಗಳು ನನಗೆ ಬಾಯಿಪಾಠ. ಅವನು ಯಾವಾಗ ತಲೆಯೆತ್ತಿ ನನ್ನ ಹುಬ್ಬು ನೋಡುತ್ತಿದ್ದನೋ ತಿಳಿಯದು.

ಆಪರೇಷನ್ ಆದ ಮೇಲೆ ಪಾದ ನೆಟ್ಟಗಾಗುತ್ತದಂತೆ, ಪೇಟೆಯ ಶೂ ಸಾಕಂತೆ ಎಂದೆ. ಒಳ್ಳೆಯದಾಯಿತು ಎಂದು ಅವನು ಕಿಟಕಿಯ ಕಡೆ ತಿರುಗಿದ. ಆಮೇಲೆ ನಾನು ಇಲ್ಲಿಗೆ ಯಾಕೆ ಬರಬೇಕು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಫೆಬ್ರವರಿಯಲ್ಲಿ ಎಡಗಾಲು, ಮೇ ತಿಂಗಳಲ್ಲಿ ಬಲಗಾಲು. ಹೆಬ್ಬೆರಳಿನ ಕೀಲಿಗೆ ತಗಡು, ಸ್ಕ್ರೂ ಹಾಕಿ ಕೂರಿಸಿದರು. ಸೆಪ್ಟೆಂಬರಿನಲ್ಲಿ ಡಾಕ್ಟರು, ಹೋಗಿ ಇಷ್ಟವಾದ ಶೂ ಕೊಳ್ಳಿ ಎಂದರು. ನೀಲಿ ಬಣ್ಣದ್ದು ಕೊಂಡೆ. ಬಂದರಿನ ಈ ತುದಿಯಿಂದ ಆ ತುದಿಗೆ ನಡೆದೆ. ಎಲ್ಲೂ ಚುಚ್ಚಲಿಲ್ಲ, ಎಲ್ಲೂ ಉರಿಯಲಿಲ್ಲ. ನೆಲ ಇಷ್ಟು ಮೆತ್ತಗಿರುತ್ತದೆಂದು ಮರೆತೇ ಹೋಗಿತ್ತು. ಸಂತೋಷಕ್ಕೆ ಅಳು ಬಂತು. ಆದರೆ ವಾಪಸು ಬರುವಾಗ ಕಾಲುಗಳು ತಾವಾಗಿಯೇ ಹಿಂದಿನ ಬೀದಿಗೆ ತಿರುಗಿದವು.

ಅದೇ ಕುರ್ಚಿಯಲ್ಲಿ ಕೂತು, ಹೊಸ ಶೂ ಕಚ್ಚುತ್ತಿದೆ ಎಂದು ದೂರಿದೆ. ಬಾಂಡಿಕ್ಸ್ ಮಂಡಿಯೂರಿ ಶೂ ಬಿಚ್ಚಿದ. ನೆಟ್ಟಗಾದ ಎಡಗಾಲನ್ನು ಅಂಗೈಯಲ್ಲಿಟ್ಟುಕೊಂಡು, ಹೊಸ ಕೂಸನ್ನು ನೋಡುವಂತೆ ತುಂಬಾ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಒತ್ತಿದ.

"ಇಲ್ಲಿ?"

"ಹೂಂ, ನೋವು."

"ಇಲ್ಲಿ?"

"ಅಲ್ಲಂತೂ ಕೇಳ್ಲೇಬೇಡಿ."

ಅವನು ತಲೆಯೆತ್ತಿದ. ಹದಿನೆಂಟು ವರ್ಷದಲ್ಲಿ ಅವನ ಪೂರಾ ನಗು ನೋಡಿದ್ದು ಅದೇ ಮೊದಲು.

"ಹುಬ್ಬು ಅಲುಗಲೇ ಇಲ್ಲ, ಇಂಕೆನ್."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ನೋವಿಲ್ಲ ಅಂದ್ರೆ ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ?"

ಅವನ ಕೈಗಳು ನನ್ನ ಪಾದವನ್ನು ಬಿಡಲಿಲ್ಲ. "ನಿನ್ನ ಕಾಲು ವಾಸಿಯಾಗ್ಲಿ ಅಂತ ದಿನಾ ಬೇಡ್ಕೊಂಡೆ. ವಾಸಿಯಾದ್ರೆ ನೀನು ಬರಲ್ಲ ಅಂತಲೂ ಗೊತ್ತಿತ್ತು. ಆದ್ರೂ ಬೇಡ್ಕೊಂಡೆ" ಎಂದ.

ನಾನು ಆ ನೆತ್ತಿಯ ಮೇಲೆ, ಎರಡು ಸುಳಿಗಳ ನಡುವೆ ಕೈಯಿಟ್ಟೆ. ಕೂದಲಲ್ಲಿ ಮರದ ಪುಡಿಯಿತ್ತು.

ಅವನು ಶೂ ತೊಡಿಸಲು ಬಂದಾಗ ಬೇಡವೆಂದೆ. ಅಂಗಡಿಗೆ ಬೀಗ ಹಾಕಿಸಿ ಸಮುದ್ರದ ಕಡೆ ಹೊರಡಿಸಿದೆ. ನೀರು ಹಿಂದೆ ಸರಿದಿತ್ತು. ಬರಿಗಾಲಲ್ಲಿ ಕೆಸರಿಗಿಳಿದಾಗ ತಣ್ಣನೆಯ ಮಣ್ಣು ಬೆರಳ ಸಂದಿಗಳಲ್ಲಿ ಮೇಲೆದ್ದು ಬಂತು. ಒಂದು ಹೆಜ್ಜೆ ಜಾರಿತು. ಹದಿನೆಂಟು ವರ್ಷ ನನ್ನ ಪಾದ ಹಿಡಿದವನು ಅವತ್ತು ಮೊದಲ ಸಲ ನನ್ನ ಕೈ ಹಿಡಿದ.