ಕೈತಟ್ಟಿ ಕಲಿತ ಮಾತು

"ಹ-ಜಿ-ಮೆ-ಮ-ಶಿ-ತೆ!"

ಒಂದೊಂದು ಅಕ್ಷರಕ್ಕೂ ಒಂದೊಂದು ಚಪ್ಪಾಳೆ ತಟ್ಟಿ ತೋರಿಸಿದರು ಸೆನ್ಸೇ. ಜಪಾನೀಸ್‌ನಲ್ಲಿ ಟೀಚರ್‌ಗೆ ಹಾಗನ್ನುತ್ತಾರೆ. ಹಜಿಮೆಮಶಿತೆ ಅನ್ನೋದು ಮೊದಲ ಸಲ ಭೇಟಿಯಾದವರಿಗೆ ಹೇಳುವ ಮಾತಂತೆ. "ಈಗ ಪಕ್ಕದಲ್ಲಿರೋರಿಗೆ ಹೇಳಿ. ಈ ರೂಮಿನೊಳಗೆ ಇನ್ಮೇಲೆ ಜಪಾನೀಸ್ ಮಾತ್ರ. ನಿಮ್ಮ ಭಾಷೇನ ಚಪ್ಪಲಿ ಜೊತೆ ಬಾಗಿಲಲ್ಲೇ ಬಿಟ್ಟು ಬನ್ನಿ."

ಕಲಿಯಲು ಬಂದವರಲ್ಲಿ ಲಿಫ್ಟ್ ರಿಪೇರಿ ಮಾಡುವವನೊಬ್ಬ ಮೆಲ್ಲಗೆ ಬಾಗಿಲ ಕಡೆ ನೋಡಿದ. ಮಾತು ಕಲಿತಾಗಿನಿಂದ ಅವನಿಗೆ ಉಗ್ಗು. ಎರಡು ಮಹಡಿ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ಮಾತು ಗಂಟಲಲ್ಲೇ ನಿಂತುಬಿಡುತ್ತಿತ್ತು. ಅದು ಇಳಿಯೋವರೆಗೆ ಕಾಯೋ ಪುರುಸೊತ್ತು ಯಾರಿಗಿದೆ ಹೇಳಿ? ಎದುರಿದ್ದವರೇ ಮಾತು ಮುಗಿಸಿಬಿಡುತ್ತಿದ್ದರು. ಅಕ್ಕನಂತೂ ಅವನು "ಉ... ಉ..." ಅಂದರೆ ಸಾಕು, ಓಡಿಹೋಗಿ ಉಪ್ಪು ತರುವಳು. ಪಾಪ, ಅವನು ಹೇಳಹೊರಟಿದ್ದು ಉಂಡಾಯ್ತು ಅಂತ.

ಹೊಸ ಲಿಫ್ಟಿನ ಕೆಲಸ ಹೇಳಿಕೊಡೋಕೆ ಜಪಾನಿನಿಂದ ಎಂಜಿನಿಯರ್ ಬರುತ್ತಾರೆಂದು ಅವನನ್ನು ಕ್ಲಾಸಿಗೆ ಕಳಿಸಿದ್ದು ಕಂಪನಿಯ ಓನರ್. "ನಮ್ಮ ಭಾಷೇಲಂತೂ ಬಾಯಿ ಬಿಡಲ್ಲ, ಅದ್ರಲ್ಲಾದ್ರೂ ಬಿಡಪ್ಪ!" ಅಂತ ಬೆನ್ನು ತಟ್ಟಿದ್ದರು.

ಪಕ್ಕದ ಕುರ್ಚಿಯವಳು ಅವನತ್ತ ತಿರುಗಿದಳು. "ಹ-ಜಿ... ಮೆ... ಅಯ್ಯೋ!"

ಆ "ಅಯ್ಯೋ" ಕೇಳಿ ಅವನು ಥಟ್ಟನೆ ತಲೆಯೆತ್ತಿದ. ಬಸ್ ಸ್ಟ್ಯಾಂಡಿನ ದನಿ! ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ದಿನವಿಡೀ ಸ್ಪೀಕರಿನಲ್ಲಿ ಹೇಳುವ, ಒಂದು ಅಕ್ಷರಕ್ಕೂ ಎಡವದ ದನಿ. ಇನ್ನೊಂದು ಸಲ ಕೇಳೋಣವೆಂದು ಅವನು ಎಷ್ಟೋ ಬಸ್ಸು ಬಿಟ್ಟಿದ್ದುಂಟು. ಅಂಥ ದನಿ ಈಗ ಮಗುವಿನ ಹಾಗೆ ತಡವರಿಸುತ್ತಿತ್ತು. ಉಳಿದವರು ಒಬ್ಬರಿಗೊಬ್ಬರು ಹೇಳಿಕೊಡುವ ಗಲಾಟೆಯಲ್ಲಿದ್ದರು. ಇವನು ಮಾತ್ರ ಸುಮ್ಮನೆ ಅವಳ ಮುಖ ನೋಡುತ್ತಾ ಕಾದ. ಕಾಯುವುದೆಂದರೇನು ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"...ಮ-ಶಿ-ತೆ!" ಅಂದಳು ಅವಳು, ಗೆದ್ದವಳಂತೆ ಹುಬ್ಬು ಹಾರಿಸಿ.

ಈಗ ಅವನ ಸರದಿ. ಕಣ್ಣು ಮುಚ್ಚಿ ಚಪ್ಪಾಳೆ ತಟ್ಟಿದ. ತಟ್ಟಿದಂತೆಲ್ಲ ಅಕ್ಷರ ಒಂದರ ಹಿಂದೆ ಒಂದು ಬಂತು. ಪೂರ್ತಿ ಬಂತು! ಅವನು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಅಬ್ಬಾ, ಇಷ್ಟು ವರ್ಷ ಇದೆಲ್ಲಿತ್ತು?

ಅಲ್ಲಿಂದಾಚೆ ಅವರಿಬ್ಬರೂ ಜೋಡಿ. ಆ ರೂಮಿನಲ್ಲಿ ಎಲ್ಲರೂ ತಡವರಿಸುವವರೇ, ಎಲ್ಲರೂ ಹುಡುಕುವವರೇ. ಅವನ ಉಗ್ಗು ಯಾರ ಕಣ್ಣಿಗೂ ಬೀಳಲಿಲ್ಲ.

"ಕ್ಯೋ ವಾ ಅತ್ಸುಯ್ ದೆಸ್ ನೇ," ಅನ್ನುವಳು ಅವಳು. ಇವತ್ತು ಸೆಕೆ ಅಲ್ವಾ ಅಂತ. ಅನ್ನುತ್ತಾ ಕತ್ತಿನ ಮೇಲಿನ ಕೂದಲು ಎತ್ತಿ ಕಟ್ಟುವಳು. ಸೆಕೆಗೆ ಹೌದೆನ್ನಬೇಕಾದವನು ಆ ಕೂದಲು ನೋಡುತ್ತಾ ಪಾಠ ಮರೆಯುವನು. ಅವಳು ಪೆನ್ನಿನಿಂದ ಮೇಜು ಕುಟ್ಟಿ, ತುಟಿ ಕಚ್ಚಿ ನಗುವಳು. ಜಪಾನಿನಲ್ಲಿರುವ ಅವಳ ಅಣ್ಣನ ಪುಟ್ಟ ಮಗಳಿಗೆ ಜಪಾನೀಸ್ ಬಿಟ್ಟು ಬೇರೆ ಬಾರದಂತೆ, ಆ ಮಗುವಿನ ಜೊತೆ ಮಾತಾಡೋಕೆ ಈ ಅತ್ತೆ ಕಲಿಯುತ್ತಿದ್ದಾಳಂತೆ. ಇಷ್ಟನ್ನು ಅವಳು ಹೇಳಿ ಅವನು ಅರಿತುಕೊಳ್ಳಲು ಒಂದಿಡೀ ಕ್ಲಾಸು ಹಿಡಿಯಿತು. ಅವನಿಗೆ ಅದಕ್ಕಿಂತ ಸುಖವಾದ ಹೊತ್ತು ನೆನಪಿರಲಿಲ್ಲ.

ಗ್ರಹಚಾರ ಕಾದಿದ್ದು ಬಾಗಿಲಾಚೆ.

"ಟೀ ಕುಡಿಯೋಣ್ವಾ?" ಚಪ್ಪಲಿ ಹಾಕಿಕೊಳ್ಳುತ್ತಾ ಅವಳು ಕೇಳಿದಳು, ಜಪಾನೀಸ್ ಬಿಟ್ಟು ತಮ್ಮಿಬ್ಬರ ಭಾಷೆಯಲ್ಲೇ. ಈ ಭಾಷೆಯಲ್ಲಿ ಬಾಯಿ ಬಿಟ್ಟರೆ ಉಗ್ಗು ಬಯಲಾಗುತ್ತದೆ. ಫೋನ್ ಬಂದಂತೆ ನಟಿಸಿ ಮೆಟ್ಟಿಲಿಳಿದು ಓಡಿದ. ಮುಂದಿನ ಸಲವೂ ಅಷ್ಟೇ. ಅದರ ಮುಂದಿನ ಸಲ ಅವಳು ದಾರಿಗೆ ಅಡ್ಡ ನಿಂತಳು.

"ಏನ್ರೀ, ಹೊರಗಡೆ ಮಾತಾಡಿದ್ರೆ ಮುತ್ತು ಉದುರಿ ಹೋಗುತ್ತಾ? ನನ್ನ ಜೊತೆ ಕಾಣಿಸ್ಕೊಳ್ಳೋಕೆ ನಾಚಿಕೆನಾ?"

ಅವನು ಬಾಯಿ ತೆರೆದ. ಮತ್ತೆ ಮುಚ್ಚಿ, ಫೋನ್ ತೆಗೆದು ಕಿವಿಗಿಟ್ಟ.

"ಸರಿ ಬಿಡಿ. ನಾಳೆ ಸೆನ್ಸೇಗೆ ಹೇಳಿ ಬೇರೆ ಜೋಡಿ ಕೇಳ್ತೀನಿ." ಅವಳ ಕಣ್ಣು ತುಂಬಿದ್ದು ಅವನಿಗೆ ಕಂಡಿತು.

ಉಗ್ಗು ತಿಳಿದರೆ ಅವಳೂ ಎಲ್ಲರ ಹಾಗೆ ಕನಿಕರಪಟ್ಟು ಅವನ ಮಾತನ್ನು ತಾನೇ ಮುಗಿಸಿಬಿಡುತ್ತಾಳೆ. ತಿಳಿಸದಿದ್ದರೆ ಅವಳೇ ಜೊತೆಗಿರುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಆಗುತ್ತಾ? ಬೆಳಗಾಗುತ್ತಲೇ ಅವನು ಟೂಲ್ ಬ್ಯಾಗ್ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಹೋದ.

ಗಾಜಿನ ಗೂಡಿನೊಳಗೆ ಮೈಕಿನ ಮುಂದೆ ಕೂತಿದ್ದಳು ಅವಳು. ಇವನನ್ನು ಕಂಡು ಕಿಟಕಿ ಸರಿಸಿದಳು, ಆದರೆ ಮುಖ ಬಿಗಿದೇ ಇತ್ತು.

"ನ... ನ... ನನಗೆ..."

ಹಿಂದೆ ಆಗಲೇ ಜನ ಸೇರಿದ್ದರು. "ಟಿಕೆಟ್ ಕೌಂಟರ್ ಆ ಕಡೆ ಕಣಪ್ಪ," ಅಂದರು ಒಬ್ಬರು. ಹಿಂದೆ ತಿರುಗಿಬಿಡೋಣ ಅನ್ನಿಸಿತು.

"ಸ್ವಲ್ಪ ಸುಮ್ನಿರ್ತೀರಾ? ಅವರು ಮಾತಾಡ್ತಿದ್ದಾರೆ," ಅಂದಳು ಅವಳು. ದನಿ ದೊಡ್ಡದೇನಲ್ಲ, ಆದರೂ ಎಲ್ಲರೂ ತೆಪ್ಪಗಾದರು. ಅವಳು ಎರಡೂ ಮೊಣಕೈ ಊರಿ, ಗಲ್ಲಕ್ಕೆ ಕೈಕೊಟ್ಟು, ಅವನತ್ತ ನೋಡುತ್ತಾ ಕೂತಳು. ಒಂದು ಪದವನ್ನೂ ಎತ್ತಿಕೊಡಲಿಲ್ಲ.

"ನನಗೆ... ಉ... ಉಗ್ಗು. ಅದಕ್ಕೇ ಓಡ್ತಿದ್ದೆ. ನಾ... ನಾಚಿಕೆ ನಿಮ್ಮಿಂದಲ್ಲ." ಉಸಿರು ಎಳೆದುಕೊಂಡ. ಹೊರಡಬೇಕಾದ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು. "ನನಗೆ ನೀವು ತುಂಬಾ... ಇ... ಇ..."

ಆ ಪದ ಯಾವುದೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು. ಅವಳಿಗೆ ಗೊತ್ತಿರಲಿಲ್ಲವೇ? ಆದರೂ ಅವಳು ಕಾದಳು. ಯಾರೂ ಅವನಿಗಾಗಿ ಹೀಗೆ ಕಾದಿರಲಿಲ್ಲ. ಅವನು ಬೆರಗಿನಿಂದ ಆ ಮುಖ ನೋಡಿದ.

"...ಇಷ್ಟ."

ಅವಳು ಬಾಯಿ ತೆರೆದಳು. ದಿನವಿಡೀ ಮಾತೇ ಕೆಲಸವಾಗಿದ್ದವಳಿಗೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಡ್ರೈವರ್ ಬಂದು ತಲೆ ತುರಿಸಿಕೊಂಡ. "ಮೇಡಂ, ನನ್ನ ಬಸ್ಸು ಹೊರಡ್ಲಾ?"

ಅವಳು ಗಡಿಬಿಡಿಯಲ್ಲಿ ಮೈಕ್ ಎಳೆದುಕೊಂಡಳು. "ಪ್ರಯಾಣಿಕರ... ಪ್ರಯಾಣಿಕರ ಗ... ಗಮನಕ್ಕೆ..." ದನಿ ನಡುಗಿತು, ನಿಂತಿತು. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಲೆಯೆತ್ತಿ ಸ್ಪೀಕರ್ ನೋಡಿದರು.

ಅವಳು ಮೈಕ್ ಆಫ್ ಮಾಡಿದಳು. ಕೆನ್ನೆ ಕೆಂಪಾಗಿತ್ತು, ಕಣ್ಣಲ್ಲಿ ನೀರೂ ನಗುವೂ ಒಟ್ಟಿಗೇ ಇದ್ದವು.

"ನನಗೂ ನೀವಿಷ್ಟ ಕಣ್ರೀ. ಒಳಗೆ ಬಂದು ಕೂತ್ಕೊಳ್ಳಿ. ಇನ್ನೂ ಏನೇನಿದೆಯೋ ಎಲ್ಲಾ ಹೇಳಿ, ನನಗೇನೂ ಅರ್ಜೆಂಟಿಲ್ಲ."