ಉಸಿರು ತಾಗದ ಹತ್ತು ಪದರ

ಅಜ್ಜಿಯರು ಕಥೆ ಹೇಳುವ ಕಾಲದಲ್ಲಿ ಜೀವವೆನ್ನುವುದು ಗಿಳಿಯ ಹೊಟ್ಟೆಯಲ್ಲಿರುತ್ತಿತ್ತಂತೆ. ಗಿಳಿ ಪಂಜರದಲ್ಲಿ, ಪಂಜರ ಗುಹೆಯಲ್ಲಿ, ಗುಹೆ ಏಳು ಸಮುದ್ರದಾಚೆ. ಈ ಕಥೆ ನಡೆಯುವ ಹೊತ್ತಿಗೆ ಜೀವ ಮನೆ ಬದಲಾಯಿಸಿತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಮೇಣದ ಬಿಲ್ಲೆಯೊಳಗೆ, ದಾರದ ತುಂಡಿನಷ್ಟು ಮಾಂಸವಾಗಿ ಅಡಗಿ ಕೂತಿರುತ್ತಿತ್ತು. ಆ ಬಿಲ್ಲೆಯನ್ನು ಕೊಯ್ಯುವ ಹುಡುಗಿಯೊಬ್ಬಳಿದ್ದಳು.

ಆಸ್ಪತ್ರೆಗಳಿಂದ ಅವಳ ಲ್ಯಾಬಿಗೆ ಗಡ್ಡೆಯ ಚೂರುಗಳು ಬರುತ್ತಿದ್ದವು. ಅವನ್ನು ಮೇಣದಲ್ಲಿ ಹುದುಗಿಸಿ, ಯಂತ್ರದ ಅಲಗಿಗೆ ಕೊಟ್ಟು, ಈರುಳ್ಳಿ ಸಿಪ್ಪೆಯೂ ನಾಚುವಷ್ಟು ತೆಳ್ಳಗೆ ಪದರ ಎಬ್ಬಿಸುವುದು ಅವಳ ಕೆಲಸ. ಪಕ್ಕದ ಕೋಣೆಯವರು ಆ ಪದರಗಳಿಂದ ಜೀನಿನ ಎಳೆ ಬಿಡಿಸಿ ಓದುತ್ತಿದ್ದರು. ಯಾರ ರೋಗಕ್ಕೆ ಯಾವ ಔಷಧ ಒಗ್ಗುತ್ತದೆ ಎಂಬುದು ಆ ಓದಿನಿಂದ ತಿಳಿಯಬೇಕು. ಪದರವೋ, ಯಾರಾದರೂ ನಿಟ್ಟುಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ಅದಕ್ಕೇ ಅವಳ ಕೋಣೆಯಲ್ಲಿ ಫ್ಯಾನೂ ಇಲ್ಲ, ಮಾತೂ ಇಲ್ಲ.

ಮಾತೆಲ್ಲ ಇದ್ದದ್ದು ಹೊರಗಿನ ಕಿಟಕಿಯಲ್ಲಿ. ಆಸ್ಪತ್ರೆಗಳಿಂದ ಚೂರಿನ ಸೀಸೆಗಳನ್ನು ಡಬ್ಬದಲ್ಲಿ ತಂದುಕೊಡುವವನಿಗೆ ಲ್ಯಾಬಿನವರು ರೇಡಿಯೋ ಎಂದು ಹೆಸರಿಟ್ಟಿದ್ದರು. ಲಿಫ್ಟಿನಲ್ಲಿ ಸಿಕ್ಕಿಕೊಂಡ ವಕೀಲರು, ವಾಚ್‌ಮನ್ನನ ಹೊಸ ಮೀಸೆ, ಹೀಗೆ ದಿನಕ್ಕೊಂದು ಸುದ್ದಿ. ಅವಳು ಫಾರಂ ನೋಡುವ ನೆಪದಲ್ಲಿ ತಲೆ ಎತ್ತುತ್ತಿರಲಿಲ್ಲ. ಆದರೂ ಅವನಿಗೆ ಗೊತ್ತಾಗುತ್ತಿತ್ತು.

"ಮಾಸ್ಕ್ ಹಾಕಿಕೊಂಡ್ರೆ ನಕ್ಕಿದ್ದು ಕಾಣಲ್ಲ ಅಂದ್ಕೋಬೇಡಿ ಮೇಡಂ. ನಿಮ್ಮ ಕನ್ನಡಕ ಮೇಲೇಳುತ್ತೆ."

ಆ ದಿನ ಮನೆಗೆ ಹೋಗಿ ಅವಳು ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದಳು. ನಿಜವೇ. ಕನ್ನಡಕ ಚಾಡಿಕೋರ.

ಆಮೇಲೆ ಒಂದು ಸೋಮವಾರ ಅವನು ತಂದ ಸೀಸೆಯೊಂದನ್ನು ಅವಳು ಒಳಗೆ ತೆಗೆದುಕೊಳ್ಳಲಿಲ್ಲ. ಕೆಡದಿರಲೆಂದು ಹಾಕುವ ಫಾರ್ಮಲಿನ್ ದ್ರವದಲ್ಲಿ ಚೂರು ಮೂರು ದಿನಕ್ಕಿಂತ ಹೆಚ್ಚು ನೆನೆದರೆ ಜೀನಿನ ಎಳೆ ಹಳೇ ಕಾಗದದಂತೆ ಪುಡಿಯಾಗುತ್ತದೆ. ಇದು ನಾಲ್ಕನೇ ದಿನದ್ದು. ದೊಡ್ಡ ಡಾಕ್ಟರು "ಪರೀಕ್ಷೆಗೆ ಬಾರದು" ಎಂದು ಸಹಿ ಹಾಕಿದರು. ಅವನು ಫಾರಂ ವಾಪಸು ತೆಗೆದುಕೊಂಡು ಹೊರಟುಹೋದ.

ಅಂದಿನಿಂದ ರೇಡಿಯೋ ಬಂದ್. ಡಬ್ಬ ಇಡುವುದು, ಸಹಿ ಹಾಕಿಸಿಕೊಳ್ಳುವುದು, ಹೋಗುವುದು. ಎಲ್ಲರ ತಪ್ಪನ್ನೂ ಹುಡುಕಿ ಹುಡುಕಿ 'ಅತ್ತೆ' ಎಂದು ಹೆಸರಾಗಿದ್ದ ಹಿರಿಯ ಟೆಕ್ನಿಷಿಯನ್ ಕೂಡ ಗಮನಿಸಿ, ಏನು ಮಾಡಿ ಸ್ಟೇಷನ್ ಮುಚ್ಚಿಸಿದೆಯೇ ತಾಯಿ ಎಂದು ಕೆಣಕಿದರು. ಅವನಿಗೆ ತನ್ನ ಮೇಲೆ ಸಿಟ್ಟು ಎಂದುಕೊಂಡಳು ಹುಡುಗಿ. ನಿಯಮ ಹೇಳಿದ್ದಕ್ಕೂ ಸಿಟ್ಟೇ ಎಂದು ತಾನೂ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಹದಿನಾಲ್ಕು ದಿನ ಕನ್ನಡಕ ಇದ್ದಲ್ಲೇ ಇತ್ತು.

ಹದಿನೈದನೇ ದಿನ ಅವನು ತಂದ ಫಾರಂ ನೋಡಿ ಅವಳಿಗೆ ವಿಚಿತ್ರವೆನಿಸಿತು. ಚೂರು ತೆಗೆದ ಸಮಯ, ದ್ರವಕ್ಕೆ ಹಾಕಿದ ಸಮಯ, ಸೀಸೆ ಕೈಗೆ ಬಂದ ಸಮಯ. ಗಂಟೆ, ನಿಮಿಷ ಸಾಲದೆಂದು ಸೆಕೆಂಡೂ ಬರೆದು, ಕೆಳಗೆ ಎರಡೆರಡು ಗೆರೆ. ರೋಗಿಯ ಹೆಸರಿನ ಜಾಗದಲ್ಲಿ ಎಂದಿನಂತೆ ಬರೀ ಸಂಖ್ಯೆ. ಅದರ ಕೆಳಗೆ ಮನೆಯವರ ಫೋನ್ ನಂಬರ್.

ಮೊದಲ ನಾಲ್ಕು ಅಂಕಿ ಓದುವಷ್ಟರಲ್ಲಿ ಉಳಿದ ಆರು ತಾವಾಗಿಯೇ ಮನಸ್ಸಿಗೆ ಬಂದವು. ಎರಡು ವರ್ಷದಿಂದ ಗೋಡೆಯ ಪಟ್ಟಿಯಲ್ಲಿ ರೇಡಿಯೋ ಎಂಬ ಹೆಸರಿನ ಮುಂದಿದ್ದ ನಂಬರ್. ಒಮ್ಮೆಯೂ ಒತ್ತದಿದ್ದರೂ ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ, ಸಂಬಂಧ: ತಮ್ಮ.

ಅವಳು ಥಟ್ಟನೆ ತಲೆ ಎತ್ತಿದಳು. ಹಾಗಾದರೆ ಅಂದಿನದೂ... ಅಂದು ಫಾರಂನಲ್ಲಿ ಅವಳು ನೋಡಿದ್ದು ದಿನಾಂಕ ಮಾತ್ರ.

"ಅವತ್ತು ವಾಪಸ್ ಹೋಗಿದ್ದು ನಿಮ್ಮ ಅಕ್ಕಂದು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ತಗೋತಿದ್ರಾ?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಇಲ್ಲ."

"ತಪ್ಪು ನಂದೇ ಮೇಡಂ. ಅಕ್ಕನಿಗೆ ಭಯ ಆಗಿತ್ತು ಅಂತ ನಗಿಸ್ತಾ ಇದ್ದೆ. ನರ್ಸೂ ನಗ್ತಾ ಇದ್ರು. ಆ ಹರಟೇಲಿ ಸೀಸೆ ಅಲ್ಲೇ ಕೌಂಟರ್ ಮೇಲೆ ಬಿಟ್ಟು ಬಂದೆ. ಅಕ್ಕನ ಜೊತೆ ಇರೋಕೆ ಹಾಕಿದ್ದ ರಜೆ ಮುಗಿಸಿ ಹೋದಾಗ ನಾಲ್ಕನೇ ದಿನ." ಕಿಟಕಿಯ ಅಂಚನ್ನು ಉಗುರಿನಿಂದ ಕೆರೆದ. "ನನ್ನ ಬಾಯಿಂದಾಗಿ ಅವಳಿಗೆ ಎರಡನೇ ಸಲ ಸೂಜಿ ಹಾಕಿದ್ರು. ಈ ಸಲ ಸಿಕ್ಕಿದ್ದು ಚೂರೇ ಚೂರು. ಶ್ವಾಸಕೋಶ ಅಲ್ವಾ, ಮೂರನೇ ಸಲ ಕೈ ಹಾಕಲ್ಲ ಅಂದಿದ್ದಾರೆ."

ಸಿಟ್ಟಲ್ಲ, ಶಿಕ್ಷೆ. ತನಗೆ ತಾನೇ ವಿಧಿಸಿಕೊಂಡದ್ದು. ಅವಳು ಫಾರಂಗೆ ಸಹಿ ಹಾಕಿ ಸೀಸೆಯನ್ನು ಒಳಗೆ ತೆಗೆದುಕೊಂಡಳು.

"ಹತ್ತು ಪದರ ಬೇಕು," ಎಂದಳು. "ತೆಗೀತೀನಿ. ಪಕ್ಕದ ರೂಮಿನವರು ಓದೋಕೆ ಇಷ್ಟು ಸಾಕು ಅಂದ ಕೂಡಲೇ ನಾನೇ ಫೋನ್ ಮಾಡ್ತೀನಿ."

"ನಂಬರ್ ಫಾರಂನಲ್ಲಿದೆ."

"ಗೊತ್ತು."

ಮರುದಿನ ಬೆಳಗ್ಗೆ ಬಿಲ್ಲೆ ಸಿದ್ಧವಾಗಿತ್ತು. ಮೇಣದ ನಡುವೆ ಬೂದು ಬಣ್ಣದ ಒಂದು ಗೀರು, ಅಷ್ಟೆ. ಬಿಲ್ಲೆಯನ್ನು ಐಸಿನ ಮೇಲಿಟ್ಟಳು. ಅತ್ತೆ ಅವಳ ಬೆರಳುಗಳನ್ನೇ ನೋಡುತ್ತಿದ್ದವರು, ನಡುಗುತ್ತಿದ್ದರೆ ತಾವು ಕೊಯ್ಯುವುದಾಗಿ ಹೇಳಿದರು. ಕೆಣಕು ಇರಲಿಲ್ಲ ಆ ದನಿಯಲ್ಲಿ. ಹುಡುಗಿ ಬಿಲ್ಲೆಯ ಪಕ್ಕದಲ್ಲೇ ಐಸಿನ ಮೇಲೆ ತನ್ನ ಅಂಗೈಯನ್ನೂ ಇಟ್ಟಳು. ಮೇಣ ಗಟ್ಟಿಯಾಗುವಷ್ಟರಲ್ಲಿ ಕೈಯೂ ಗಟ್ಟಿಯಾಯಿತು.

"ನಾನೇ ಕೊಯ್ತೀನಿ. ಮಾತು ಕೊಟ್ಟಿದ್ದೀನಿ."

ಹೊಸ ಅಲಗು, ಹೊಸ ಗ್ಲೌಸು. ಯಂತ್ರವನ್ನು ಸ್ಪಿರಿಟ್ಟಿನಿಂದ ಮೂರು ಸಲ ಒರೆಸಿದಳು. ಹಿಂದಿನವರ ಒಂದು ಕಣ ಉಳಿದರೂ ಒಬ್ಬರ ಹಣೆಬರಹ ಇನ್ನೊಬ್ಬರಿಗೆ ಅಂಟುತ್ತದೆ. ಬೇರೆ ದಿನ ಮೇಲಿನ ಮೇಣವನ್ನು ಸರಸರನೆ ಹೆರೆದು ಬಿಸಾಡುತ್ತಿದ್ದಳು. ಇಂದು ಕೂಸಿನ ಉಗುರು ಕತ್ತರಿಸುವಂತೆ ಇಷ್ಟಿಷ್ಟೇ. ಆಮೇಲೆ ಉಸಿರು ಬಿಗಿಹಿಡಿದು ಚಕ್ರ ತಿರುಗಿಸಿದಳು.

ಮೊದಲನೆಯದು ಹೂವಿನ ಎಸಳಿನಂತೆ ಸುರುಳಿಯಾಗಿ ಎದ್ದಿತು. ಚಿಮಟದಿಂದ ಹಿಡಿದು ಟ್ಯೂಬಿಗೆ ಇಳಿಸಿದಳು. ಎರಡು. ಮೂರು. ನಾಲ್ಕರ ಹೊತ್ತಿಗೆ ಕತ್ತಿನಲ್ಲಿ ಬೆವರು. ಏಳನೆಯದು ಚಂಗನೆ ಹಾರಿ ಗ್ಲೌಸಿಗೆ ಅಂಟಿಕೊಂಡಿತು. ಎಳೆದರೆ ಹರಿಯುತ್ತದೆ, ಬಿಟ್ಟರೆ ಬೀಳುತ್ತದೆ. ಅತ್ತೆ ಸದ್ದಿಲ್ಲದೆ ಬಂದು ಟ್ಯೂಬನ್ನು ಬೆರಳ ಕೆಳಗೆ ಹಿಡಿದರು. ಸೂಜಿಯ ತುದಿಯಿಂದ ಒಂದೇ ಒಂದು ಸಲ ಸರಿಸಿದಾಗ ಒಳಗೆ ಜಾರಿತು. ಇಬ್ಬರೂ ಗೋಡೆಯ ಕಡೆ ತಿರುಗಿ ಉಸಿರು ಬಿಟ್ಟು ಬಂದರು.

ಒಂಬತ್ತನೇ ಪದರಕ್ಕೆ ಬೂದು ಗೀರು ಸಾಸಿವೆಕಾಳಷ್ಟಾಗಿತ್ತು. ಹತ್ತರಲ್ಲಿ ಏನಾದರೂ ಉಳಿದಿದೆಯೋ, ಬರೀ ಮೇಣವೋ? ಅವಳು ಕಣ್ಣು ಮಿಟುಕಿಸದೆ ಚಕ್ರ ತಿರುಗಿಸಿದಳು. ಸುರುಳಿಯ ನಡುವೆ ಸೂಜಿಮೊನೆಯಷ್ಟು ಬೂದು. ಇತ್ತು.

ಟ್ಯೂಬು ಪಕ್ಕದ ಕೋಣೆಗೆ ಹೋಯಿತು. ಎಳೆ ಬಿಡಿಸಿ ಅಳೆಯಲು ಒಂದು ದಿನ ಬೇಕು. ಆ ಒಂದು ದಿನ ಅವಳು ಏನು ತಿಂದಳೋ, ಯಾವ ದಾರಿಯಲ್ಲಿ ಮನೆಗೆ ಹೋಗಿ ಬಂದಳೋ, ಅವಳಿಗೇ ನೆನಪಿಲ್ಲ. ಮಾರನೇ ಮಧ್ಯಾಹ್ನ ಅತ್ತೆ ಒಂದು ಚೀಟಿ ತಂದು ಅವಳ ಮುಂದಿಟ್ಟರು. ಅಳತೆಯ ಅಂಕಿಯ ಕೆಳಗೆ ಎರಡೇ ಅಕ್ಷರ. ಸಾಕು.

ಯಾವ ಔಷಧ ಎಂಬ ಉತ್ತರ ಬರಲು ಇನ್ನೂ ಹತ್ತು ದಿನವಿತ್ತು. ಅದು ಅವಳ ಕೈಯಲ್ಲಿರಲಿಲ್ಲ. ಅವಳ ಕೈಯಲ್ಲಿದ್ದದ್ದು ಫೋನು.

ಫಾರಂ ಫೈಲಿನಲ್ಲಿತ್ತು. ಅವಳು ಫೈಲು ಮುಟ್ಟಲಿಲ್ಲ. ಹತ್ತು ಅಂಕಿ ಒತ್ತಿ ರಸ್ತೆ ಕಡೆಯ ಕಿಟಕಿಗೆ ಬಂದಳು. ಕೆಳಗೆ ಮೆಟ್ಟಿಲ ಮೇಲೆ, ಖಾಲಿ ಡಬ್ಬದ ಪಕ್ಕ ಕೂತಿದ್ದವನ ಜೇಬು ರಿಂಗಾಯಿತು. ಅವನು ಎತ್ತಿ ಕಿವಿಗಿಟ್ಟುಕೊಂಡ.

"ಸಾಕು," ಎಂದಳು. "ಸಾಕಂತೆ."

ಅವನ ಭುಜಗಳು ಅಲುಗಿ, ನಿಧಾನವಾಗಿ ನಿಂತವು. ಕಡೆಗೆ ಒದ್ದೆಯಾದ ದನಿ ಬಂತು.

"ಫಾರಂ ನೋಡಿ ಮಾಡಿದ್ರಾ?"

"ಇಲ್ಲ. ಎರಡು ವರ್ಷದಿಂದ ಬಾಯಿಪಾಠ."

ಅವನು ತಿರುಗಿ ಮೇಲೆ ನೋಡಿದ.

"ಮೇಡಂ," ಎಂದಿತು ರೇಡಿಯೋ, "ಕನ್ನಡಕ ಮೇಲೇಳ್ತಾ ಇದೆ."