ಕ್ಯಾಲನನ್ ಅಂಗಡಿಯ ಮುಂಗಟ್ಟು

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಮಿಸ್ ಅಸಂಪ್ಟಾ ಕ್ಯಾಲನನ್ ಕಾರ್ಕ್ ನಗರದ ಠಾಣೆಯೊಂದಕ್ಕೆ ಬಂದು ದೂರು ಕೊಟ್ಟರು. ಅರವತ್ತೆಂಟರ ವಯಸ್ಸು, ಕಪ್ಪು ಕೋಟು, ಕಪ್ಪು ಟೋಪಿ, ಶೂಗಳ ತುಂಬ ಸ್ಮಶಾನದ ಕೆಸರು. ದೂರು ಬರೆದುಕೊಂಡವಳು ಪೇದೆ ನೋರೀನ್ ಗೂಲ್ಡಿಂಗ್.

“ನನ್ನ ಅಂಗಡಿಗೆ ಬೆಂಕಿ ಇಟ್ಟಿದ್ದಾರೆ. ಇಟ್ಟವನು ಗ್ಯಾವಿನ್ ಸ್ಲಾಟರಿ. ಬರ್ಕೊಳಮ್ಮ.”

“ನೀವು ಕಣ್ಣಾರೆ ನೋಡಿದ್ರಾ?”

“ನಾನು ಮೀನಂಗಡಿ ಕೋಕ್ಲಿಯ ಮಣ್ಣಿಗೆ ಹೋಗಿದ್ದೆ. ಗುಂಡಿ ಹತ್ರ ನಿಂತಿದ್ದಾಗ ಯಾರಿಗೋ ಫೋನ್ ಬಂತು, ನಿನ್ನ ಅಂಗಡಿ ಉರೀತಿದೆ ಅಂದ್ರು. ನೆಟ್ಟಗೆ ಇಲ್ಲಿಗೇ ಬಂದೆ.”

“ಸ್ಲಾಟರಿನೇ ಅಂತ ಹೇಗೆ ಹೇಳ್ತೀರಿ?”

“ಅಲ್ಲಿ ಹೋಟೆಲ್ ಕಟ್ಟೋಕೆ ಹೊರಟಿರೋನು ಅವನೇ ತಾನೇ? ಒಂಬತ್ತು ವರ್ಷದಿಂದ ಅವನ ಕಂಪನಿಗೂ ನನಗೂ ಜಗಳ. ನೀನು ಈ ಊರಿನವಳೇ ಅಲ್ವಾ?”

ಆ ಜಗಳ ಗೊತ್ತಿಲ್ಲದವರು ಊರಲ್ಲಿ ಯಾರಿದ್ದರು! ಕಾರ್ಡರ್ಸ್ ಬೀದಿಯ ಆ ಟೋಪಿ ಅಂಗಡಿಯ ಮುಂಗಟ್ಟನ್ನು ಮಿಸ್ ಕ್ಯಾಲನನ್ನರ ಮುತ್ತಜ್ಜ ಕಟ್ಟಿಸಿದ್ದು. ಬಾಗಿಲಿನ ಎರಡೂ ಕಡೆ ಮರದ ಕಂಬ, ಮೇಲೆ ಗೋಡೆಯಿಂದ ಹೊರಚಾಚಿದ, ದ್ರಾಕ್ಷಿ ಗೊಂಚಲು ಕೆತ್ತಿದ ಮರದ ಚಾಚುಗಳು, ಅವುಗಳ ನಡುವೆ ಹಸಿರು ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಮನೆತನದ ಹೆಸರು. ಅಕ್ಕಪಕ್ಕದ ಅಂಗಡಿಗಳೆಲ್ಲ ಪ್ಲಾಸ್ಟಿಕ್ ಬೋರ್ಡು ಹಾಕಿಕೊಂಡು ಬೆಳಗುತ್ತಿದ್ದಾಗಲೂ ಇದು ಮಾತ್ರ ಹಾಗೇ ಇತ್ತು. ಟೋಪಿ ವ್ಯಾಪಾರ ಯಾವತ್ತೋ ನಿಂತಿತ್ತು. ಮಿಸ್ ಕ್ಯಾಲನನ್ ಮಹಡಿಯ ಮೇಲೆ ಒಬ್ಬರೇ ಇದ್ದರು. ಕೆಳಗಿನ ಅಂಗಡಿಯಲ್ಲಿ ಜನೈನಾ ಎಂಬ ಬ್ರೆಜಿಲ್ ದೇಶದ ಹುಡುಗಿ ಬಾಡಿಗೆಗಿದ್ದು ಬಟ್ಟೆ ಹೊಲಿಯುತ್ತಿದ್ದಳು.

“ಸದ್ಯ, ಒಳಗೆ ಯಾರೂ ಇರ್ಲಿಲ್ಲ,” ಎಂದರು ಮಿಸ್ ಕ್ಯಾಲನನ್.

ನೋರೀನ್ ಬರೆಯುವುದನ್ನು ನಿಲ್ಲಿಸಿದಳು. “ನಿಮಗೆ ಯಾರೂ ಹೇಳ್ಲಿಲ್ವಾ? ಜನೈನಾ ಒಳಗೇ ಇದ್ಲು. ಅಗ್ನಿಶಾಮಕದವರು ಎತ್ಕೊಂಡು ಬಂದ್ರು. ಆಸ್ಪತ್ರೇಲಿದ್ದಾಳೆ. ಬದುಕ್ತಾಳೋ ಇಲ್ವೋ ಇನ್ನೂ ಹೇಳ್ತಿಲ್ಲ.”

ಮಿಸ್ ಕ್ಯಾಲನನ್ ಬೆಂಚಿನ ತುದಿ ಹಿಡಿದುಕೊಂಡರು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಸಾಧ್ಯವೇ ಇಲ್ಲ,” ಎಂದರು. “ಅವಳು ಒಳಗಿರೋಕೆ ಸಾಧ್ಯವಿಲ್ಲ. ಶವಯಾತ್ರೆ ಹೋಗ್ತಿತ್ತು.”

ನೋರೀನ್ ಆ ಮಾತನ್ನೂ ಹಾಗೇ ಬರೆದುಕೊಂಡಳು.

ಪ್ರಥಮ ವರ್ತಮಾನ ವರದಿ ದಾಖಲಾಯಿತು. ಎರಡು ಗಂಟೆಗೆ ಇನ್‌ಸ್ಪೆಕ್ಟರ್ ಫಿನ್‌ಬಾರ್ ಕ್ರೆಮಿನ್ ನೋರೀನಳನ್ನು ಕರೆದುಕೊಂಡು ಸ್ಥಳಕ್ಕೆ ಹೋದ. ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿದವನೂ ಕಾರಿನಿಂದಿಳಿದು ಅದರ ಬಾಗಿಲು ಹಾಕುವುದನ್ನೇ ಮರೆತ. ಮಗುವಾಗಿದ್ದಾಗ ಅಮ್ಮನ ಕೈಹಿಡಿದು ಅವನು ನೋಡಿದ್ದ ಅಂಗಡಿ ಅದು. ಹಸಿರು ಹಲಗೆ ಇದ್ದ ಕಡೆ ಕಪ್ಪು ತೂತು. ದ್ರಾಕ್ಷಿ ಗೊಂಚಲಿನ ಒಂದು ಚಾಚು ಬೀದಿಯಲ್ಲಿ ಬಿದ್ದು ಇನ್ನೂ ಹಬೆಯಾಡುತ್ತಿತ್ತು. ಹಲಗೆ ಸುಟ್ಟು ಒಳಕ್ಕೆ, ಬಾಗಿಲಿಗೆ ಅಡ್ಡವಾಗಿ ಬಿದ್ದಿತ್ತು. ಆ ಹುಡುಗಿ ಹೊರಗೆ ಬರಲಾಗದೆ ಸಿಕ್ಕಿಬಿದ್ದದ್ದು ಹಾಗೆ.

ಗೋಡೆಯ ಮೇಲೆ ಹೋಟೆಲ್ ಕಟ್ಟಲು ಅನುಮತಿ ಕೋರಿದ ಅರ್ಜಿಯ ನೋಟಿಸು ಮಾತ್ರ ಒಂದು ಮೂಲೆಯೂ ಸುಡದೆ ಉಳಿದಿತ್ತು. ಉಳಿಯಬೇಕಾದ್ದು ಉಳಿಯುವುದಿಲ್ಲ, ನೋಡಿ.

ಪಂಚನಾಮೆಗೆ ಪಕ್ಕದ ಮಾಂಸದಂಗಡಿಯ ಮಾಸ್ಸಿ ಗೋಗಿನ್ ಸಾಕ್ಷಿಯಾಗಿ ಬಂದ.

“ಹೊಗೆ ಮೊದಲು ನೋಡಿದ್ದು ಯಾರು?”

“ನಾನೇ. ಶವದ ಗಾಡಿ ಮೂಲೆ ತಿರುಗಿದ್ಮೇಲೆ. ಅಲ್ಲೀವರೆಗೂ ಯಾರು ಸ್ವಾಮಿ ಹಿಂದೆ ತಿರುಗಿ ನೋಡ್ತಾರೆ? ಎಲ್ರೂ ರಸ್ತೆಗೆ ಮುಖ ಮಾಡಿ, ತಲೆ ಬಗ್ಗಿಸಿ ನಿಂತಿದ್ವಿ.”

ನಮ್ಮ ಕಡೆ ಸಾವು ಬೀದಿಯಲ್ಲಿ ಹೋಗುವಾಗ ಅಂಗಡಿಯವರು ಕಿಟಕಿಯ ಪರದೆ ಇಳಿಸಿ, ದೀಪ ಆರಿಸಿ, ಬಾಗಿಲೆಳೆದುಕೊಂಡು ಹೊರಗೆ ಬಂದು ನಿಲ್ಲುತ್ತಾರೆ. ಶವಪೆಟ್ಟಿಗೆ ದಾಟಿದ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋಗುತ್ತಾರೆ. ಹುಟ್ಟಿದಾರಭ್ಯ ಮಾಡುತ್ತ ಬಂದದ್ದು, ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

“ಸ್ಲಾಟರಿನ ನೋಡಿದ್ಯಾ?”

“ನೋಡದೆ ಏನು! ಅಲ್ಲೇ ಕಾರಿನಲ್ಲಿ ಕೂತು ಹಾರ್ನ್ ಹೊಡೀತಿದ್ದ, ಮೂರೂ ಬಿಟ್ಟವನು. ಕೋಕ್ಲಿ ಬದುಕಿದ್ದಿದ್ರೆ ಪೆಟ್ಟಿಗೆಯಿಂದ ಎದ್ದು ಬಂದು ಮೀನಲ್ಲಿ ಹೊಡೀತಿದ್ದ.”

“ಬದುಕಿದ್ದಿದ್ರೆ ಪೆಟ್ಟಿಗೇಲಿ ಯಾಕಿರ್ತಿದ್ದ?” ಎಂದ ಕ್ರೆಮಿನ್, ನಗದೆ.

ಮಹಡಿಯ ಮುಂದಿನ ಕೋಣೆ ಅರ್ಧ ಉಳಿದಿತ್ತು. ಅಗ್ನಿಶಾಮಕ ದಳದ ಅಧಿಕಾರಿ ಅಲ್ಲಿ ಕೈತೋರಿಸಿದ. ನೆಲಹಾಸನ್ನು ಸುರುಳಿ ಸುತ್ತಿ, ಟೋಪಿಗೆ ಕಟ್ಟುವ ನೀಲಿ ಪಟ್ಟಿಯಿಂದ ಬಿಗಿದು ಗೋಡೆಗೆ ಒರಗಿಸಿಡಲಾಗಿತ್ತು. ಕಿಟಕಿಯ ಕೆಳಗೆ ನೆಲದ ಹಲಗೆಯೊಂದನ್ನು ಎತ್ತಲಾಗಿತ್ತು. ಅದರಡಿ ಕೈಹಾಕಿದರೆ ನೇರವಾಗಿ ಹೆಸರಿನ ಹಲಗೆಯ ಹಿಂದಿನ ಪೊಳ್ಳಿಗೆ ದಾರಿ. ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತು.

“ಮಹಡಿಯ ಬಾಗಿಲು ಒಡೆದ ಗುರುತು?”

“ಇಲ್ಲ. ಬೀಗ ಸರಿಯಾಗೇ ಇತ್ತು,” ಎಂದ ಅಧಿಕಾರಿ.

ನೋರೀನ್ ಆ ನೀಲಿ ಪಟ್ಟಿಯನ್ನೇ ನೋಡುತ್ತ ನಿಂತಳು. “ಬೆಂಕಿ ಇಡೋನು ನೆಲಹಾಸು ಹಾಳಾಗ್ಬಾರ್ದು ಅಂತ ಸುತ್ತಿಡ್ತಾನಾ ಸರ್?”

“ಪರರ ಮನೆಗೆ ಇಡೋನು ಸುತ್ತಿಡಲ್ಲ,” ಎಂದ ಕ್ರೆಮಿನ್. ಹೇಳಿದ ಮೇಲೆ ತನ್ನ ಮಾತಿಗೇ ಬೆಚ್ಚಿದ. ಅದು ಹೇಗೆ ಸಾಧ್ಯ? ಬಿಸಿಲು ಮಳೆಯೆನ್ನದೆ ಆ ಮುಂಗಟ್ಟಿಗಾಗಿ ನಗರಸಭೆಯ ಮೆಟ್ಟಿಲು ಸವೆಸಿದವರು ಮಿಸ್ ಕ್ಯಾಲನನ್ ಒಬ್ಬರೇ ಅಲ್ಲವೇ?

ಸಂಜೆ ಸ್ಲಾಟರಿಯ ವಿಚಾರಣೆ ನಡೆಯಿತು. ಡಬ್ಲಿನ್ನಿನ ಮನುಷ್ಯ, ಒಳ್ಳೆಯ ಸೂಟು. ಬೆವರುತ್ತಿದ್ದ.

“ಹಾರ್ನ್ ಯಾಕೆ ಹೊಡೆದ್ರಿ?”

“ರಸ್ತೆ ಯಾಕೆ ನಿಂತಿದೆ ಅಂತ ಗೊತ್ತಾಗ್ಲಿಲ್ಲ ಇನ್‌ಸ್ಪೆಕ್ಟರ್. ಆಮೇಲೆ ಗೊತ್ತಾಯ್ತು. ನಾಚಿಕೆ ಆಯ್ತು.”

“ಅಂಗಡಿ ಸುಟ್ಟಿದ್ರಿಂದ ನಿಮಗೆ ಒಳ್ಳೇದೇ ಆಯ್ತು.”

“ಒಳ್ಳೇದಾ? ನನ್ನ ಕೆಲಸವೇ ಹೋಗುತ್ತೆ!” ಸ್ಲಾಟರಿಯ ದನಿ ಏರಿತು. “ಕಳೆದ ತಿಂಗಳು ತೀರ್ಪು ಬಂತಲ್ಲ, ಓದ್ಲಿಲ್ವಾ? ಹಿಂದಿನ ಕಟ್ಟಡ ಪೂರ್ತಿ ಕೆಡವಬಹುದು. ಆದ್ರೆ ಮುಂಗಟ್ಟು ಮಾತ್ರ ಹೆಸರಿನ ಹಲಗೆ ಸಮೇತ ಇದ್ದ ಹಾಗೇ ಇರ್ಬೇಕು. ಅದೇ ನಮ್ಮ ಹೋಟೆಲಿನ ಬಾರಿಗೆ ಬಾಗಿಲಾಗುತ್ತೆ. ಅದಿಲ್ಲದೆ ಒಂದು ಇಟ್ಟಿಗೆ ಅಲ್ಲಾಡಿಸೋ ಹಾಗಿಲ್ಲ.”

“ಮತ್ತೆ ಮಿಸ್ ಕ್ಯಾಲನನ್?”

“ಜಾಗ ಅವರದಲ್ಲ, ಗೇಣಿಯದು. ಗೇಣಿ ಮುಗೀತು. ಕ್ರಿಸ್‌ಮಸ್‌ಗೆ ಖಾಲಿ ಮಾಡ್ಬೇಕು. ನಾನೇ ಹೋಗಿ ಬಾರಿನ ಚಿತ್ರ ತೋರಿಸಿ ಬಂದೆ. ಖುಷಿ ಪಡ್ತಾರೆ ಅಂದ್ಕೊಂಡೆ. ‘ನೀವೇ ಗೆದ್ರಿ’ ಅಂದೆ.”

“ಏನಂದ್ರು?”

“ಚಹಾ ಕೊಟ್ರು.”

ಅವನು ಹೋದ ಮೇಲೆ ಕ್ರೆಮಿನ್ ನೋರೀನಳಿಗೆ ಹೇಳಿದ: “ಈ ಬೆಂಕಿ ಇಟ್ಟವರಿಗೆ ಯಾರಿಗೂ ನೋವಾಗ್ಬಾರ್ದು ಅಂತ ಇತ್ತು. ಅದಕ್ಕೇ ಎಲ್ಲ ಅಂಗಡಿಯೂ ಖಾಲಿಯಾಗೋ ಹೊತ್ತಿಗೆ ಕಾದ್ರು. ಆ ಹೊತ್ತು ಯಾವ್ದು ಅಂತ ಸ್ಲಾಟರಿಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ದಿದ್ರೆ ಹಾರ್ನ್ ಹೊಡೀತಿರ್ಲಿಲ್ಲ.”

“ಮನೆ ಉರೀತಿದೆ ಅಂದ್ರೆ ಯಾರಾದ್ರೂ ಮನೆ ಕಡೆ ಓಡ್ತಾರೆ ಸರ್,” ಎಂದಳು ನೋರೀನ್. “ಅವರು ಇಲ್ಲಿಗೆ ಬಂದ್ರು.”

ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿರುತ್ತೇವೆ. ಕಣ್ಣೆದುರು ಕಂಡಾಗ ನಂಬುವುದು ಕಷ್ಟ.

ಬುಧವಾರ ಬೆಳಿಗ್ಗೆ ಜನೈನಾ ಉಳಿಯುತ್ತಾಳೆ ಎಂದು ವೈದ್ಯರು ಹೇಳಿದರು. ಹತ್ತೂವರೆಗೆ ಹೇಳಿಕೆ ಪಡೆಯಲು ಒಪ್ಪಿಗೆ ಸಿಕ್ಕಿತು. ಎರಡೂ ಕೈಗಳಿಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಗಂಟಲು ಹೊಗೆಯಿಂದ ಕಟ್ಟಿತ್ತು.

“ಬೇರೆಯವರೆಲ್ಲ ಹೊರಗೆ ನಿಂತಿದ್ರಲ್ಲ, ನೀನು ಯಾಕೆ ಒಳಗಿದ್ದೆ ತಾಯಿ?” ಕ್ರೆಮಿನ್ ಮೆಲ್ಲನೆ ಕೇಳಿದ.

“ನಾನು ಬಂದ ಹೊಸದ್ರಲ್ಲಿ ಒಂದ್ಸಲ ಹೀಗೇ ಸಾವು ಹೋಗ್ತಿತ್ತು. ನಾನು ದೀಪ ಹಾಕ್ಕೊಂಡು ಹೊಲೀತಾ ಇದ್ದೆ. ಮಿಸ್ ಕ್ಯಾಲನನ್ ಆಮೇಲೆ ಬಂದು ಬೈದ್ರು. ಸಾವು ಹೋಗೋವಾಗ ಮೆಷಿನ್ ನಿಲ್ಸು, ಪರದೆ ಇಳಿಸು, ದೀಪ ಆರಿಸು, ಬಾಗಿಲು ಹಾಕು ಅಂದ್ರು. ಅವತ್ತಿಂದ ತಪ್ಪಿಸಿಲ್ಲ.”

“ಹೊರಗೆ ಬಾ ಅಂದಿರ್ಲಿಲ್ವಾ?”

“ಇಲ್ಲ. ಹೊರಗೆ ಬರ್ಬೇಕಿತ್ತಾ?”

ಕ್ರೆಮಿನ್ ನೀರಿನ ಲೋಟವನ್ನು ಅವಳ ಬಾಯಿಗೆ ಹಿಡಿದ.

“ನಾನು ಕತ್ತಲಲ್ಲಿ ಮೆಷಿನ್ ಪಕ್ಕ ನಿಂತಿದ್ದೆ. ಕೈ ಮುಗ್ದಿದ್ದೆ. ಹೊಗೆ ವಾಸನೆ ಬಂತು.”

“ವಾಸನೆ ಬಂದ ಕೂಡ್ಲೇ ಬಾಗಿಲು ತೆಗೀಬಹುದಿತ್ತಲ್ಲ?”

“ತೆಗೀಬಹುದಿತ್ತು. ಆದ್ರೆ ಪೆಟ್ಟಿಗೆ ಇನ್ನೂ ದಾಟಿರ್ಲಿಲ್ಲ ಸರ್. ಪರದೆ ಕೆಳಗೆ ಜನರ ಕಾಲು ಕಾಣ್ತಿತ್ತು, ಯಾರೂ ಅಲ್ಲಾಡ್ತಿರ್ಲಿಲ್ಲ. ಈಗ ಬಾಗಿಲು ತೆಗೆದ್ರೆ ಈ ಹುಡುಗಿಗೆ ಮರ್ಯಾದೆ ಗೊತ್ತಿಲ್ಲ ಅಂತಾರೆ. ದಾಟ್ಲಿ ಅಂತ ಕಾದೆ. ಅಷ್ಟರಲ್ಲಿ ಪರದೆ ಹೊತ್ಕೊಂಡ್ತು. ಕೈಯಲ್ಲೇ ಕಿತ್ತೆ.”

ನೋರೀನ್ ಕಾರಿಡಾರಿಗೆ ಬಂದು ಗೋಡೆಗೆ ಹಣೆ ಕೊಟ್ಟು ನಿಂತಳು. ಇಡೀ ಬೀದಿ ಆ ಹುಡುಗಿಗೆ ಬೆನ್ನು ಹಾಕಿ ನಿಂತಿತ್ತು, ಮರ್ಯಾದೆಗಾಗಿ. ಅವಳೂ ಉರಿಯುವ ಅಂಗಡಿಯೊಳಗೆ ನಿಂತಿದ್ದಳು, ಮರ್ಯಾದೆಗಾಗಿ.

ಮಧ್ಯಾಹ್ನ ಹನ್ನೆರಡಕ್ಕೆ ಮಿಸ್ ಕ್ಯಾಲನನ್ನರನ್ನು ಠಾಣೆಗೆ ಕರೆಸಲಾಯಿತು. ವಕೀಲರು ಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದರು. ಬಂದವರೇ ಮೊದಲು ಕೇಳಿದ್ದು: “ಹುಡುಗಿ ಹೇಗಿದ್ದಾಳೆ?”

“ಉಳೀತಾಳೆ.”

ಅವರು ಕಣ್ಣುಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡರು.

“ನೆಲಹಾಸು ಸುತ್ತಿದವರು ಯಾರು, ಮಿಸ್ ಕ್ಯಾಲನನ್?”

“ನಾನೇ.”

ಇಷ್ಟು ಬೇಗ ಉತ್ತರ ಬಂದೀತೆಂದು ಕ್ರೆಮಿನ್ ಎಣಿಸಿರಲಿಲ್ಲ.

“ಹಲಗೆ ಎತ್ತಿದ್ದು? ಬೆಂಕಿ?”

“ಎಲ್ಲಾ ನಾನೇ. ಮೇಣದಬತ್ತಿ ನಿಧಾನಕ್ಕೆ ಉರೀಲಿ ಅಂತ ಇಟ್ಟು ಕೆಳಗಿಳಿದು ಬಂದು ಎಲ್ಲರ ಜೊತೆ ನಿಂತೆ. ಆಮೇಲೆ ಕೋಕ್ಲಿಯ ಹಿಂದೆ ಹೋದೆ.”

“ಒಳಗೆ ಹುಡುಗಿ ಇದ್ದಾಳಾ ಅಂತ ನೋಡ್ಲಿಲ್ವಾ?”

“ನೋಡಿದೆ! ಪರದೆ ಇಳಿದಿತ್ತು, ದೀಪ ಆರಿತ್ತು. ಅಂದ್ರೆ ಹೊರಗೆ ಬಂದಿದ್ದಾಳೆ ಅಂತಲೇ ಅಲ್ವಾ? ಬೇರೆ ಏನಂತ ತಿಳ್ಕೊಳ್ಲಿ?”

“ನೀವು ಹೇಳಿಕೊಟ್ಟ ಹಾಗೇ ಮಾಡಿದ್ಲು. ಪರದೆ ಇಳಿಸು, ದೀಪ ಆರಿಸು, ಬಾಗಿಲು ಹಾಕು. ಹೊರಗೆ ಬಾ ಅಂತ ನೀವು ಹೇಳಿರ್ಲಿಲ್ಲ.”

ಮಿಸ್ ಕ್ಯಾಲನನ್ ತಲೆಯಿಂದ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಅದನ್ನೂ ಹೇಳ್ಬೇಕಾ?” ಎಂದರು. “ಅದು ಎಲ್ಲರಿಗೂ ಗೊತ್ತಿರುತ್ತಲ್ಲ…”

“ಹೊಗೆ ಬಂದ್ಮೇಲೂ ಪೆಟ್ಟಿಗೆ ದಾಟ್ಲಿ ಅಂತ ಕಾದ್ಲಂತೆ.”

ಆಗ ಆ ಹೆಂಗಸು ಅತ್ತ ರೀತಿ ನೋರೀನ್ ಮುಂದೆ ಎಂದೂ ಮರೆಯಲಿಲ್ಲ. ದನಿಯೇ ಇಲ್ಲದೆ, ಬಾಯಿಗೆ ಟೋಪಿ ಒತ್ತಿಕೊಂಡು ಅತ್ತರು.

ಒಂದೂವರೆಗೆ ಬಂಧನ ದಾಖಲಾಯಿತು. ಯಾಕೆ ಹೀಗೆ ಮಾಡಿದಿರಿ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಕಡತದಲ್ಲಿ ಹೀಗಿದೆ: “ಮನೆ ಉಳಿಸಿ ಅಂತ ಹೋದಾಗ, ಮನೆ ಅಂದ್ರೆ ಯಾರೂ ಕೇಳಲ್ಲ, ಮುಂಗಟ್ಟು ಅನ್ನಿ, ಅದಕ್ಕೆ ಬೆಲೆ ಇದೆ ಅಂದ್ರು ತಿಳಿದವರು. ಅದಕ್ಕೇ ಒಂಬತ್ತು ವರ್ಷ ಕಂಬ, ಹಲಗೆ, ದ್ರಾಕ್ಷಿ ಅಂತ ಮಾತ್ರ ವಾದ ಮಾಡಿದೆ. ಅಮ್ಮ ಸತ್ತ ಕೋಣೆ, ಅಪ್ಪ ಟೋಪಿ ಹೊಲಿದ ಮೇಜು, ಒಂದನ್ನೂ ಹೇಳ್ಲಿಲ್ಲ. ನಾನು ಕೇಳಿದ್ದನ್ನೇ ಕೊಟ್ರು. ನನ್ನನ್ನ ಆಚೆ ಹಾಕಿ, ನಮ್ಮ ಹೆಸರು ಮಾತ್ರ ಬಾರಿನ ಬಾಗಿಲ ಮೇಲೆ ಉಳಿಸ್ಕೊಂಡ್ರು. ಕುಡಿಯೋರು ನಮ್ಮಪ್ಪನ ಹೆಸರಿನ ಕೆಳಗೆ ಹಾದು ಹೋಗೋದನ್ನ ನೋಡ್ಲಾರದೆ ಹೋದೆ.”

ಮೂರು ವಾರದ ನಂತರ ನೋರೀನ್ ಒಂದು ಸಹಿಗಾಗಿ ಮಹಿಳಾ ಜೈಲಿಗೆ ಹೋಗಿದ್ದಳು. ಅಷ್ಟರಲ್ಲಿ ಹೋಟೆಲ್ ಕಂಪನಿಗೆ ಆದೇಶ ಬಂದಿತ್ತು: ಮುಂಗಟ್ಟನ್ನು ಹಳೆಯ ಫೋಟೋಗಳ ಪ್ರಕಾರ, ಹೆಸರಿನ ಹಲಗೆಯನ್ನೂ ಸೇರಿಸಿ, ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕು. ಮೇಸ್ತ್ರಿಗಳು ದ್ರಾಕ್ಷಿ ಗೊಂಚಲು ಕೆತ್ತಲು ಶುರುಮಾಡಿದ್ದರು. ಬೇರೆಯವರಿಂದ ಕೇಳುವುದಕ್ಕಿಂತ ತಾನೇ ಹೇಳುವುದು ಮೇಲೆಂದು ನೋರೀನ್ ಹೇಳಿದಳು.

ಮಿಸ್ ಕ್ಯಾಲನನ್ ಕೇಳಿಸಿಕೊಂಡರೋ ಇಲ್ಲವೋ. ತಮ್ಮ ಬೆರಳುಗಳನ್ನು ಮಡಚಿ, ಬಿಡಿಸಿ ನೋಡುತ್ತಿದ್ದರು.

“ಅವಳಿಗೆ ಸೂಜಿ ಹಿಡಿಯೋಕೆ ಆಗುತ್ತಂತಾ?” ಎಂದು ಕೇಳಿದರು.

“ಆಗಲ್ವಂತೆ,” ಎಂದಳು ನೋರೀನ್.